ಕಾಲಿಂಗ್ ಕಾರ್ಡ್ ಮೂಲಕ ಕಂಪ್ಯೂಟರ್ ಫ್ಯಾಕ್ಸ್ ಹೋಗುತ್ತಿಲ್ಲ, ಪಿನ್ ಹತ್ತಿರವೇ ನಿಲ್ಲುತ್ತಿದೆ

ಪ್ರಶ್ನೆ:
ನಮಸ್ಕಾರ. ನಾನಿರುವುದು ನ್ಯೂಜೆರ್ಸಿಯಲ್ಲಿ. ಅಪ್ಪನ ಎಫ್‌ಡಿ ವಿಷಯಕ್ಕೆ ಬೆಂಗಳೂರಿನ ಬ್ಯಾಂಕಿಗೆ ಮೂರು ಪುಟ ಫ್ಯಾಕ್ಸ್ ಮಾಡಬೇಕು. ವಿಂಡೋಸ್ ಎಕ್ಸ್‌ಪಿ, 56ಕೆ ಮೋಡೆಮ್ (ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಸಾಧನ), ವಿಂಡೋಸ್ ಜೊತೆಗೇ ಬರುವ ಫ್ಯಾಕ್ಸ್ ಸಾಫ್ಟ್‌ವೇರ್. ಕಾಲಿಂಗ್ ಕಾರ್ಡ್ ಬಳಸುತ್ತಿದ್ದೇನೆ, ಅಂದರೆ ಮೊದಲು ಕಾರ್ಡಿನ 1-800 ನಂಬರಿಗೆ ಕರೆ ಮಾಡಿ, ಪಿನ್ ಒತ್ತಿ, ಆಮೇಲೆ ಬೇಕಾದ ನಂಬರ್ ಒತ್ತಬೇಕು. ಫೋನಿನಲ್ಲಿ ನಾನೇ ಒತ್ತಿದರೆ ಕಾರ್ಡ್ ಸರಿಯಾಗಿ ಕೆಲಸ ಮಾಡುತ್ತದೆ. ಕಂಪ್ಯೂಟರಿನಿಂದ ಮಾಡಿದರೆ 1-800 ನಂಬರ್ ಸಿಗುತ್ತದೆ, ಆಮೇಲೆ ಪಿನ್ ತಪ್ಪು ಅಂತ ಸ್ಪೀಕರಿನಲ್ಲಿ ಕೇಳಿಸುತ್ತದೆ. ಹತ್ತು ಸಲ ನೋಡಿದೆ, ಪಿನ್ ಸರಿಯಾಗೇ ಇದೆ.

ಉತ್ತರ:
ಪಿನ್ ಸರಿಯಾಗೇ ಇರುತ್ತದೆ ಸರ್. ಮೋಡೆಮ್ ಅವಸರ ಮಾಡುತ್ತಿದೆ. ನಾವು ಆ ಕಡೆಯ ದನಿ ಕೇಳಿ, ಆಮೇಲೆ ಒತ್ತುತ್ತೇವೆ. ಮೋಡೆಮ್‌ಗೆ ಮಾತು ಅರ್ಥವಾಗುವುದಿಲ್ಲ. ಆ ಕಡೆ ಕರೆ ಎತ್ತುವ ಮುಂಚೆಯೇ ಪಿನ್ನಿನ ಮೊದಲ ಅಂಕಿಗಳನ್ನು ಕಳಿಸಿಬಿಡುತ್ತದೆ, ಅವು ಸುಮ್ನೆ ಹೋಗಿಬಿಡುತ್ತವೆ.

ಮೊದಲು ಗಡಿಯಾರ ಹಿಡಿದು ಫೋನಿನಿಂದ ಒಮ್ಮೆ ಕರೆ ಮಾಡಿ. 1-800 ನಂಬರಿನ ಕೊನೆಯ ಅಂಕಿ ಒತ್ತಿದಲ್ಲಿಂದ ಪಿನ್ ಕೇಳುವವರೆಗೆ ಎಷ್ಟು ಸೆಕೆಂಡು? ಪಿನ್ ಒತ್ತಿದ ಮೇಲೆ ನಂಬರ್ ಕೇಳುವವರೆಗೆ ಎಷ್ಟು? ಎರಡನ್ನೂ ಬರೆದುಕೊಳ್ಳಿ, ಎರಡಕ್ಕೂ 2 ಸೆಕೆಂಡು ಜಾಸ್ತಿ ಸೇರಿಸಿ.

ಈಗ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಫೋನ್ ಅಂಡ್ ಮೋಡೆಮ್ ಆಪ್ಷನ್ಸ್ ತೆರೆದು, ಡಯಲಿಂಗ್ ರೂಲ್ಸ್‌ನಲ್ಲಿ ನಿಮ್ಮ ಊರನ್ನು ಎಡಿಟ್ ಮಾಡಿ. ಕಾಲಿಂಗ್ ಕಾರ್ಡ್ ಟ್ಯಾಬ್‌ನಲ್ಲಿ ಹೊಸ ಕಾರ್ಡ್ ಸೇರಿಸಿ. ಇಂಟರ್‌ನ್ಯಾಷನಲ್ ಟ್ಯಾಬ್‌ನಲ್ಲಿ ಆಕ್ಸೆಸ್ ನಂಬರ್ (ಆ 1-800 ನಂಬರ್), ಕಾಯುವ ಸೆಕೆಂಡು, ಪಿನ್, ಮತ್ತೆ ಕಾಯುವ ಸೆಕೆಂಡು, 011 (ಅಮೆರಿಕದಿಂದ ಹೊರದೇಶಕ್ಕೆ ಕರೆ ಮಾಡುವ ಕೋಡ್), ಕೊನೆಗೆ ಡೆಸ್ಟಿನೇಷನ್ ನಂಬರ್ (ಬ್ಯಾಂಕಿನ ಫ್ಯಾಕ್ಸ್ ನಂಬರ್), ಈ ಕ್ರಮದಲ್ಲಿ ಹಾಕಿ. ಪಿನ್ ಆದ ಮೇಲೆ # ಒತ್ತಬೇಕಾದ ಕಾರ್ಡ್ ಆದರೆ ಅದನ್ನೂ ಸೇರಿಸಿ. ಬೇರೆ ಸಾಫ್ಟ್‌ವೇರ್ ಬಳಸುವವರು ನಂಬರಿನ ನಡುವೆ ಕಾಮಾ ಹಾಕಬಹುದು. ಸಾಮಾನ್ಯವಾಗಿ ಒಂದು ಕಾಮಾ ಅಂದರೆ 2 ಸೆಕೆಂಡು.

ಇನ್ನೊಂದು, ತುಂಬ ಜನ ಎಡವುವುದು ಇಲ್ಲೇ. ಫ್ಯಾಕ್ಸ್ ಕಳಿಸುವಾಗ ಯೂಸ್ ಡಯಲಿಂಗ್ ರೂಲ್ಸ್ ಅನ್ನುವುದಕ್ಕೆ ಗುರುತು ಹಾಕದಿದ್ದರೆ ಕಾರ್ಡ್ ಬಳಕೆಗೇ ಬರುವುದಿಲ್ಲ. ಬೆಂಗಳೂರಿನ ಏರಿಯಾ ಕೋಡ್ 080 ಅಲ್ಲ, ಬರೀ 80.

ಪ್ರಶ್ನೆ ಕೇಳಿದವರು:
ತುಂಬ ಥ್ಯಾಂಕ್ಸ್! 13 ಸೆಕೆಂಡು ಬೇಕಿತ್ತು, 15 ಹಾಕಿದೆ. ಬ್ಯಾಂಕಿನ ಫ್ಯಾಕ್ಸ್ ಎತ್ತಿಕೊಂಡಿತು, ಕೀಂ ಅನ್ನುವ ಟೋನೂ ಕೇಳಿಸಿತು. ಆದರೆ ಮೊದಲ ಪುಟದ ಅರ್ಧಕ್ಕೇ ಕಡಿದುಹೋಗುತ್ತಿದೆ. ಮೂರು ಸಲವೂ ಹಾಗೇ ಆಯಿತು.

ಉತ್ತರ:
ಇದು ಡಯಲಿಂಗ್ ತೊಂದರೆ ಅಲ್ಲ. ಅಗ್ಗದ ಕಾರ್ಡ್‌ಗಳಲ್ಲಿ ಎಷ್ಟೋ ಕರೆಗಳು ಇಂಟರ್ನೆಟ್ ಮೂಲಕ ಹೋಗುತ್ತವೆ. ಜಾಗ ಉಳಿಸಲು ದನಿಯನ್ನು ಕುಗ್ಗಿಸಿ ಕಳಿಸುತ್ತಾರೆ. ಮಾತಾಡುವಾಗ ನಮಗೆ ಅದು ಗೊತ್ತೇ ಆಗುವುದಿಲ್ಲ, ಫ್ಯಾಕ್ಸ್ ಟೋನ್ ಮಾತ್ರ ಕೆಟ್ಟುಹೋಗುತ್ತದೆ. ವೇಗ ಬದಲಿಸುವ ಅವಕಾಶ ಇದ್ದರೆ ಸೆಕೆಂಡಿಗೆ 14400 ಬಿಟ್‌ನಿಂದ 9600ಕ್ಕೆ ಇಳಿಸಿ ನೋಡಿ. ಆಗಲೂ ಹೋಗದಿದ್ದರೆ ಬೇರೆ ಕಾರ್ಡ್ ತೆಗೆದುಕೊಳ್ಳಿ, ಇಲ್ಲವೇ ಕಾರ್ಡ್ ಬಿಟ್ಟು ನೇರವಾಗಿ ಮಾಡಿ. ಮೂರೇ ಪುಟ ಅಲ್ವಾ, ಹೆಚ್ಚು ಖರ್ಚಾಗುವುದಿಲ್ಲ.

ಪ್ರಶ್ನೆ ಕೇಳಿದವರು:
ಬೇರೆ ಕಾರ್ಡ್ ತಂದೆ. ಇದು 8 ಸೆಕೆಂಡಿಗೇ ಪಿನ್ ಕೇಳುತ್ತದೆ, ಹಾಗಾಗಿ ಮತ್ತೆ ಅಳೆದು 10 ಹಾಕಿದೆ. ಮೂರೂ ಪುಟ ಹೋಯಿತು. ಅಪ್ಪ ಬ್ಯಾಂಕಿಗೆ ಹೋಗಿ ನೋಡಿದರಂತೆ, ಸಹಿ ಸ್ಪಷ್ಟವಾಗಿ ಬಂದಿದೆ.