ಪ್ರತಿ ಭಾನುವಾರ ಮಕ್ಕಳನ್ನು ಆರಾಧನೆಗೆ ಕರೆದೊಯ್ಯಲೇಬೇಕೆ?

ಪ್ರಶ್ನೆ – ಇಬ್ಬರು ಮಕ್ಕಳ ತಾಯಿ, ಬೆಂಗಳೂರು

ನಮ್ಮದು ಸಿ.ಎಸ್.ಐ. (ದಕ್ಷಿಣ ಭಾರತ ಸಭೆ) ಎಂಬ ಪ್ರೊಟೆಸ್ಟಂಟ್ ಕ್ರೈಸ್ತ ಸಭೆಗೆ ಸೇರಿದ ಕುಟುಂಬ. ಮಗನಿಗೆ 12 ವರ್ಷ, ಮಗಳಿಗೆ 7. ಶನಿವಾರವೂ ಯಜಮಾನರಿಗೆ ಕೆಲಸ, ಮಗನಿಗೆ ಟ್ಯೂಷನ್. ಕೊರೊನಾ ಕಾಲದಲ್ಲಿ ಮೊಬೈಲಿನಲ್ಲಿ ಆರಾಧನೆ ನೋಡುವುದು ರೂಢಿಯಾಯಿತು, ಈಗಲೂ ಹಾಗೆಯೇ ನಡೆದಿದೆ. ರಾತ್ರಿಯ ಕುಟುಂಬ ಪ್ರಾರ್ಥನೆಯನ್ನು ಮಾತ್ರ ತಪ್ಪಿಸುವುದಿಲ್ಲ. ‘ದೇವರು ಮನೆಯಲ್ಲಿಯೂ ಇದ್ದಾನಲ್ಲ ಅಮ್ಮ’ ಎನ್ನುತ್ತಾನೆ ಮಗ. ಏನು ಹೇಳಲಿ?

ಉತ್ತರ – ಬೆಟಗೇರಿಯವಳು, ನಿವೃತ್ತ ಶಿಕ್ಷಕಿ

ಮಗನ ಮಾತು ಸರಿಯಾಗಿಯೇ ಇದೆ. ಕುಟುಂಬ ಪ್ರಾರ್ಥನೆಯನ್ನು ಬಿಡಬೇಡಿ. ಆದರೆ ಆರಾಧನೆಯಲ್ಲಿ ಪಕ್ಕದವರ ಕೈ ಹಿಡಿದು ಶಾಂತಿ ಹಾರೈಸುತ್ತೇವಲ್ಲ, ಆ ಸಮಾಧಾನವನ್ನು ಮೊಬೈಲಿನಲ್ಲಿ ಕೊಡುವುದು ಹೇಗೆ?

ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನದ ಆರಾಧನೆಯಲ್ಲಿ ಕೈಯಿಂದ ಕೈಗೆ ಸಮಾಧಾನ ದಾಟಿಸುವ ಪದ್ಧತಿ 1950ರ ಸಿ.ಎಸ್.ಐ. ಆರಾಧನಾ ಕ್ರಮದಿಂದಲೇ ನಮ್ಮಲ್ಲಿದೆ. ನಾನು ಚಿಕ್ಕವಳಿದ್ದಾಗ ನಮ್ಮ ಬೆಂಚಿನ ತುದಿಯಲ್ಲಿ ವಯಸ್ಸಾದ ನೇಕಾರರೊಬ್ಬರು ಕೂಡುತ್ತಿದ್ದರು. ಲಾಳಿ ಹಿಡಿದು ಜಡ್ಡುಗಟ್ಟಿದ ಅವರ ಎರಡು ಅಂಗೈಗಳ ನಡುವೆ ನನ್ನ ಕೈಗಳು ಪೂರ್ತಿ ಮುಚ್ಚಿಹೋಗುತ್ತಿದ್ದವು. ನಮಗೂ ಅವರಿಗೂ ನೆಂಟಸ್ತನವಿರಲಿಲ್ಲ. ಆದರೂ ಒಂದು ಭಾನುವಾರ ಅವರ ಜಾಗ ಖಾಲಿ ಇದ್ದರೆ, ಆರಾಧನೆ ಮುಗಿದ ಕೂಡಲೇ ಅಪ್ಪ ಅವರ ಮನೆಯ ಕಡೆಗೆ ಸೈಕಲ್ ತಿರುಗಿಸುತ್ತಿದ್ದರು.

ನನ್ನ ಯಜಮಾನರು ತೀರಿಕೊಂಡ ವರ್ಷ ನನಗೆ ಪ್ರಾರ್ಥಿಸಲು ಆಗುತ್ತಿರಲಿಲ್ಲ. ಮನೆಯಲ್ಲಿ ಬೈಬಲ್ ತೆರೆದರೆ ಅಕ್ಷರ ಕಾಣುತ್ತಿರಲಿಲ್ಲ. ಆದರೂ ಹೋಗಿ ಬೆಂಚಿನಲ್ಲಿ ಕೂಡುತ್ತಿದ್ದೆ. ಸುತ್ತಲಿನವರು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಎಂದು ಆರಂಭಿಸುತ್ತಿದ್ದರು. ನನ್ನ ಪಾಲಿನದನ್ನೂ ಅವರೇ ಹೇಳಿ ಮುಗಿಸುತ್ತಿದ್ದರು. ಒಂದು ದಿನ ಮುಂದಿನ ಸಾಲಿನ ಹುಡುಗಿಯೊಬ್ಬಳು ತಿರುಗಿ ಸಮಾಧಾನ ಕೊಟ್ಟಳು. ಪೆಪ್ಪರಮಿಂಟಿನಿಂದ ಅಂಟಂಟಾಗಿದ್ದ ಪುಟ್ಟ ಕೈಗಳು. ಆ ವರ್ಷ ನಾನು ಮೊದಲ ಬಾರಿಗೆ ಮನಸ್ಸು ಬಿಚ್ಚಿ ಅತ್ತದ್ದು ಅಲ್ಲಿಯೇ. ಅವಳಿಗೆ ನಿಮ್ಮ ಮಗಳಷ್ಟೇ ವಯಸ್ಸು. ಅವಳನ್ನೂ ಯಾರೋ ಒಬ್ಬ ತಾಯಿ ನಿದ್ದೆಯಿಂದ ಎಬ್ಬಿಸಿ, ತಲೆ ಬಾಚಿ ಕರೆತಂದಿದ್ದರು.

ಇನ್ನೊಂದು ಮಾತು, ಶಿಕ್ಷಕಿಯಾಗಿ. ಇಂಗ್ಲಿಷ್ ಮಾಧ್ಯಮದ ಎಷ್ಟೋ ಮಕ್ಕಳು ಅಜ್ಜಿಯ ಬೆರಳು ಸರಿದಂತೆ ಹಾಡಿನ ಪುಸ್ತಕದ ಸಾಲು ಹಿಡಿದು ಕನ್ನಡ ಓದಲು ಕಲಿತದ್ದನ್ನು ನೋಡಿದ್ದೇನೆ.

ಉತ್ತರ – ಮಂಗಳೂರಿನ ಒಬ್ಬ ತಂದೆ

ನಾವು ಕಥೋಲಿಕರು, ನಮಗೆ ಭಾನುವಾರದ ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಕಡ್ಡಾಯ. ಆದರೆ ಕಡ್ಡಾಯವೆಂದ ಮಾತ್ರಕ್ಕೆ ಮಕ್ಕಳು ಹಾಸಿಗೆ ಬಿಟ್ಟು ಏಳುವುದಿಲ್ಲ. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ, ಅಂದರೆ ಯೇಸುವಿನ ತಾಯಿ ಮರಿಯಮ್ಮನವರ ಜನ್ಮದಿನಕ್ಕೆ, ಮುಂಚಿನ ಒಂಬತ್ತು ದಿನ ಮಾತೆಗೆ ಹೂವು ಒಯ್ಯಲು ನನ್ನ ಮಗ ಮಳೆಯಲ್ಲಿಯೂ ಓಡುತ್ತಿದ್ದ, ಏಕೆಂದರೆ ಅದು ಅವನ ಕೆಲಸ. ಬಲಿಪೂಜೆಯಲ್ಲಿ ಗುರುಗಳಿಗೆ ನೆರವಾಗುವ ಪೀಠದ ಸೇವೆಗೆ ಸೇರಿಸಿದ ಮೇಲೆ ಅವನೇ ನನ್ನನ್ನು ಎಬ್ಬಿಸುತ್ತಾನೆ. ನಿಮ್ಮ ಮಗನಿಗೂ ಅಲ್ಲಿ ಏನಾದರೂ ಕೆಲಸ ಕೊಡಿಸಿ.

ಉತ್ತರ – ಹುಬ್ಬಳ್ಳಿಯ ನರ್ಸ್

ನನಗೆ ಎಷ್ಟೋ ಭಾನುವಾರ ಆಸ್ಪತ್ರೆಯಲ್ಲಿಯೇ ಕಳೆಯುತ್ತದೆ. ಹೋಗಲಾಗದವರನ್ನು ಯಾರೂ ಕೀಳಾಗಿ ಕಾಣಬಾರದು. ಆದರೆ ರಜೆ ಸಿಕ್ಕ ಭಾನುವಾರ ಮನೆಯಲ್ಲಿ ಉಳಿಯಲು ನನಗೆ ಮನಸ್ಸೇ ಬರುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಬೆಟಗೇರಿಯ ಅಮ್ಮನವರ ಉತ್ತರವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿದೆ. ಮಗಳು ಅಣ್ಣನ ಕೈ ಹಿಡಿದು ಸಮಾಧಾನ ಕೊಡುವ ಅಭ್ಯಾಸ ಶುರುಮಾಡಿದ್ದಾಳೆ. ಮಗ ಇನ್ನೂ ಒಪ್ಪಿಲ್ಲ. ಗಾಯನ ಮಂಡಳಿಯಲ್ಲಿ ತಬಲಾ ನುಡಿಸಲು ಬಿಡುತ್ತಾರೆಯೇ ಎಂದು ಕೇಳಿದ್ದಾನೆ. ಭಾನುವಾರ ಸಭಾಪಾಲಕರನ್ನು ವಿಚಾರಿಸುತ್ತೇನೆ.