ಅಣ್ಣ ಜೈಲಿನಲ್ಲಿದ್ದಾರೆ, ಮಕ್ಕಳಿಗೆ ಏನೆಂದು ಹೇಳಬೇಕು?

ಪ್ರಶ್ನೆ: ಡೊಂಬಿವಲಿಯಿಂದ

ಎಲ್ಲರಿಗೂ ನಮಸ್ಕಾರ. ನನ್ನ ಅಣ್ಣ ಒಂದು ಪತಪೇಢಿಯಲ್ಲಿ (ಸಹಕಾರಿ ಪತ್ತಿನ ಸಂಘದಲ್ಲಿ) ಕ್ಯಾಷಿಯರ್ ಆಗಿದ್ದರು. ಠೇವಣಿದಾರರ ಹಣ ದುರುಪಯೋಗವಾದ ಪ್ರಕರಣದಲ್ಲಿ ಆಡಳಿತ ಮಂಡಳಿಯವರ ಜೊತೆ ಅವರನ್ನೂ ಬಂಧಿಸಲಾಗಿದ್ದು, ಕಳೆದ ದೀಪಾವಳಿಯಿಂದ ವಿಚಾರಣಾಧೀನ ಕೈದಿಯಾಗಿ ಒಳಗಿದ್ದಾರೆ. ಅವರು ತಪ್ಪಿತಸ್ಥರೋ ಅಲ್ಲವೋ ಎಂಬುದನ್ನು ನ್ಯಾಯಾಲಯ ತೀರ್ಮಾನಿಸಲಿ. ನನ್ನ ಚಿಂತೆ ಮಕ್ಕಳದ್ದು. ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಳೆ, ಮಗನಿಗೆ ಇನ್ನೂ ಐದು ತುಂಬಿಲ್ಲ. ಅಪ್ಪ ಕೆಲಸಕ್ಕಾಗಿ ದುಬೈಗೆ ಹೋಗಿದ್ದಾರೆಂದು ಮನೆಯವರೆಲ್ಲ ಸೇರಿ ಹೇಳಿದ್ದೇವೆ. ಮಗಳು ಈಗ ಅಪ್ಪನ ಸುದ್ದಿಯನ್ನೇ ಎತ್ತುವುದಿಲ್ಲ. ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದಾಳೆ. ಅತ್ತಿಗೆ ಮನೆಯಲ್ಲೇ ಅಡುಗೆ ಮಾಡಿ ಡಬ್ಬಾ ಕೊಟ್ಟು ಸಂಸಾರ ನಡೆಸುತ್ತಿದ್ದಾರೆ. ಸುದ್ದಿ ಹರಡುವ ಮೊದಲೇ ಹುಡುಗಿಯನ್ನು ಕಾರ್ಕಳದ ಅಜ್ಜಿಮನೆಗೆ ಕಳುಹಿಸಿ ಅಲ್ಲೇ ಶಾಲೆಗೆ ಸೇರಿಸಿ ಎಂದು ಊರಿನ ಹಿರಿಯರು ಒತ್ತಾಯಿಸುತ್ತಿದ್ದಾರೆ. ಏನು ಮಾಡುವುದು ಸರಿ?

ಉತ್ತರ: ನಿವೃತ್ತ ಶಿಕ್ಷಕಿ, ಚೆಂಬೂರು

ತಂಗೀ, ನಾನು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಮಾಡಿದವಳು. ಇಂಥ ಮನೆಗಳ ಮಕ್ಕಳನ್ನು ಹತ್ತಿರದಿಂದ ಕಂಡಿದ್ದೇನೆ. ನಿಮ್ಮ ಸೋದರಸೊಸೆ ಕೇಳುವುದನ್ನು ಬಿಟ್ಟಿದ್ದು ಅವಳು ನಂಬಿದ್ದಾಳೆಂದಲ್ಲ, ದೊಡ್ಡವರು ಹೇಳಲಾರರು ಎಂದು ತಿಳಿದುಕೊಂಡಿದ್ದಾಳೆಂದೇ ನನಗೆ ಅನಿಸುತ್ತದೆ. ಈ ವಯಸ್ಸಿನ ಮಗು ಕಾರಣ ಗೊತ್ತಾಗದಿದ್ದರೆ ತಾನೇ ಒಂದು ಕಾರಣವನ್ನು ಕಟ್ಟಿಕೊಳ್ಳುತ್ತದೆ, ಮತ್ತು ಬಹಳ ಸಲ ಆ ಕಾರಣ ತಾನೇ ಮಾಡಿದ ಯಾವುದೋ ಸಣ್ಣ ತಪ್ಪಾಗಿರುತ್ತದೆ.

ಆದ್ದರಿಂದ ಅತ್ತಿಗೆಯವರೇ, ಬೇರೆ ಯಾರೂ ಅಲ್ಲ, ಕೂರಿಸಿಕೊಂಡು ಹೇಳಲಿ: ‘ಅಪ್ಪ ದುಬೈಯಲ್ಲಿಲ್ಲ. ಪತಪೇಢಿಯ ಹಣದ ವಿಷಯದಲ್ಲಿ ಅವರ ಮೇಲೆ ಆರೋಪ ಬಂದಿದೆ. ನ್ಯಾಯಾಧೀಶರು ಬಿಡುವ ತನಕ ಅವರು ಜೈಲಿನಲ್ಲಿರಬೇಕು. ಇದಕ್ಕೆ ನೀನು ಕಾರಣವಲ್ಲ.’ ಬಿಡುಗಡೆಯ ದಿನವನ್ನು ಮಾತ್ರ ಊಹಿಸಿ ಹೇಳಬಾರದು. ಶಾಲೆಯಲ್ಲಿ ತರಗತಿಯ ಶಿಕ್ಷಕಿಯೊಬ್ಬರಿಗೆ ತಿಳಿಸಿದರೆ ಸಾಕು. ಹಾಸಿಗೆ ಒದ್ದೆಯಾಗುವುದಕ್ಕೆ ಗದರಿಸಬೇಡಿ, ಮಕ್ಕಳ ವೈದ್ಯರಿಗೆ ಒಮ್ಮೆ ತೋರಿಸಿ.

ಕಾರ್ಕಳಕ್ಕೆ ಕಳುಹಿಸುವುದು ನನಗೆ ಸರ್ವಥಾ ಒಪ್ಪಿಗೆಯಿಲ್ಲ. ಅಪ್ಪನನ್ನು ಕಳೆದುಕೊಂಡ ಮಗುವಿನಿಂದ ಅಮ್ಮ, ತಮ್ಮ, ಶಾಲೆ, ಗೆಳತಿಯರು ಎಲ್ಲವನ್ನೂ ಒಟ್ಟಿಗೆ ಕಿತ್ತುಕೊಂಡಂತಾಗುತ್ತದೆ. ಲಂಡನ್ನಿನ 411 ಹುಡುಗರನ್ನು ಬಾಲ್ಯದಿಂದ ದಶಕಗಳ ಕಾಲ ಗಮನಿಸಿದ ಕೇಂಬ್ರಿಜ್ ಅಧ್ಯಯನದಲ್ಲಿ, ಹತ್ತು ವರ್ಷದೊಳಗೆ ತಂದೆ ಅಥವಾ ತಾಯಿ ಜೈಲು ಸೇರಿದ್ದರಿಂದ ಅಗಲಿಕೆ ಅನುಭವಿಸಿದವರಿಗೆ ಮುಂದೆ ಎದುರಾದ ತೊಂದರೆಗಳು, ಸಾವು ಅಥವಾ ಕಾಯಿಲೆಯಂಥ ಬೇರೆ ಕಾರಣಕ್ಕೆ ಅಗಲಿದವರಿಗಿಂತ ಹೆಚ್ಚಾಗಿದ್ದವು. ಸಾವಿನ ಮನೆಗೆ ಜನ ಬರುತ್ತಾರೆ, ಜೈಲಿಗೆ ಹೋದವನ ಮನೆಗೆ ಬರುವುದಿಲ್ಲ. ಆ ವ್ಯತ್ಯಾಸದಲ್ಲಿ ನಮ್ಮೆಲ್ಲರ ಪಾಲಿದೆ ಎಂದು ನಾನು ನಂಬಿದ್ದೇನೆ.

ಉತ್ತರ: ವಕೀಲ, ಪುಣೆ

ಮೇಡಂ, ಶಿಕ್ಷಕಿಯವರ ಮಾತಿಗೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಬಂಧನದಲ್ಲಿರುವ ವ್ಯಕ್ತಿಗೆ, ಆದಾಯ ಎಷ್ಟೇ ಇರಲಿ, 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಕಲಮಿನ ಪ್ರಕಾರ ಉಚಿತ ವಕೀಲರನ್ನು ಪಡೆಯುವ ಹಕ್ಕಿದೆ. ವಕೀಲರ ಶುಲ್ಕಕ್ಕಾಗಿ ಅತ್ತಿಗೆಯವರು ಮನೆ, ಒಡವೆ ಒತ್ತೆಯಿಡುವ ಮೊದಲು ಥಾಣೆ ಜಿಲ್ಲೆಯ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಬರಲಿ. ಮೊದಲ ಬಾರಿ ಆರೋಪಿಯಾದವರು ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೆ ಕಳೆದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮಿನಡಿ ಬಿಡುಗಡೆ ಕೇಳಬಹುದು. ಆದರೆ ಜೀವಾವಧಿ ಶಿಕ್ಷೆಗೂ ಅವಕಾಶವಿರುವ ಅಪರಾಧಕ್ಕೆ ಅದು ಅನ್ವಯಿಸುವುದಿಲ್ಲ. ಬ್ಯಾಂಕರ್ ಅಥವಾ ಏಜೆಂಟ್ ಮಾಡಿದ ನಂಬಿಕೆ ದ್ರೋಹದ ಆರೋಪ ಅಂಥದ್ದು. ಹಾಗಾಗಿ ಆರೋಪಪಟ್ಟಿಯಲ್ಲಿ ಯಾವ ಕಲಮುಗಳಿವೆ ಎಂದು ಮೊದಲು ನೋಡಿಸಿ.

ಮಹಾರಾಷ್ಟ್ರದ ಬಾಲಸಂಗೋಪನ ಯೋಜನೆಯಲ್ಲಿ ಸಂಕಷ್ಟದಲ್ಲಿರುವ ಕುಟುಂಬದ ಮಗುವಿಗೆ ಮಾಸಿಕ ನೆರವು ಸಿಗುತ್ತದೆ. ಜಿಲ್ಲಾ ಮಹಿಳಾ ಮತ್ತು ಬಾಲವಿಕಾಸ ಕಚೇರಿಯಲ್ಲಿ ವಿಚಾರಿಸಿ. ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ‘ಪ್ರಯಾಸ್’ 1990ರಿಂದ ಕೈದಿಗಳು ಮತ್ತು ಅವರ ಕುಟುಂಬಗಳ ನಡುವೆ ಕೆಲಸ ಮಾಡುತ್ತಿದೆ, ಅವರನ್ನೂ ಕೇಳಬಹುದು. ತಾಯಿಯೊಂದಿಗೆ ಜೈಲಿನಲ್ಲಿರುವ ಆರು ವರ್ಷದೊಳಗಿನ ಮಕ್ಕಳ ಆಹಾರ, ಶಿಕ್ಷಣ, ಆರೋಗ್ಯದ ಬಗ್ಗೆ ಸುಪ್ರೀಂ ಕೋರ್ಟ್ 2006ರಲ್ಲಿ ವಿವರವಾದ ನಿರ್ದೇಶನ ಕೊಟ್ಟಿತು. ತಂದೆ ಒಳಗಿದ್ದು ಹೊರಗೆ ಉಳಿದ ಮಕ್ಕಳ ಕಡೆಗೆ ಅಷ್ಟು ಗಮನ ಹರಿದಿಲ್ಲವೆಂಬುದು ನನ್ನ ಬಹುದಿನದ ನೋವು.

ಭೇಟಿಯ ವಿಷಯದಲ್ಲಿ, ಮೊದಲು ಇ-ಮುಲಾಕಾತ್ (ಕೈದಿಗಳ ಆನ್‌ಲೈನ್ ಭೇಟಿಯ ವ್ಯವಸ್ಥೆ) ಮೂಲಕ ವಿಡಿಯೋದಲ್ಲಿ ಮಾತನಾಡಿಸುವುದು ಮಕ್ಕಳಿಗೆ ಹಗುರವಾದೀತು.

ಉತ್ತರ: ವಾಸ್ಕೋ, ಗೋವಾ

ವಕೀಲರ ಕೊನೆಯ ಮಾತಿಗೆ ನನ್ನ ಭಿನ್ನಾಭಿಪ್ರಾಯವಿದೆ. ನಾನು ಆರನೆಯ ತರಗತಿಯಲ್ಲಿದ್ದಾಗ ನನ್ನ ತಂದೆ ಜೈಲಿನಲ್ಲಿದ್ದರು, ಮತ್ತು ನನಗೆ ಅದು ಗೊತ್ತಾದದ್ದು ಕಿರಾಣಿ ಅಂಗಡಿಯಲ್ಲಿ ಇಬ್ಬರು ಮಾತನಾಡಿಕೊಳ್ಳುತ್ತಿದ್ದುದರಿಂದ. ಅಲ್ಲಿಂದ ಮುಂದೆ ಅವರನ್ನು ಹೊಡೆಯುತ್ತಾರೆ, ಊಟ ಕೊಡುವುದಿಲ್ಲ ಎಂದೆಲ್ಲ ಕಲ್ಪಿಸಿಕೊಂಡು ಭಯಪಟ್ಟೆ. ಅವರನ್ನು ಎದುರಿಗೆ ಕಂಡ ದಿನ ಆ ಭಯ ಬಹಳ ಮಟ್ಟಿಗೆ ಕಡಿಮೆಯಾಯಿತು. ಆದ್ದರಿಂದ ಹುಡುಗಿ ಬಯಸಿದರೆ ಕರೆದುಕೊಂಡು ಹೋಗಿ. ನಡುವೆ ಜಾಲರಿಯೋ ಗಾಜೋ ಇರುತ್ತದೆ, ಮುಟ್ಟಲಾಗುವುದಿಲ್ಲ, ಪಕ್ಕದವರ ಗದ್ದಲದಲ್ಲಿ ಮಾತು ಸರಿಯಾಗಿ ಕೇಳಿಸದು, ಸಮಯ ಬೇಗ ಮುಗಿಯುತ್ತದೆ ಎಂಬುದನ್ನೆಲ್ಲ ಮುಂಚೆಯೇ ವಿವರಿಸಿ. ಪ್ರತಿ ಸಲವೂ ಅವಳನ್ನೇ ಕೇಳಿ, ಬರುವುದಿಲ್ಲವೆಂದರೆ ಬಲವಂತ ಬೇಡ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಅತ್ತಿಗೆಗೆ ಓದಿ ಹೇಳಿದೆ. ಅವರು ಭಾನುವಾರ ಮಗಳೊಂದಿಗೆ ಮಾತನಾಡಲು ಒಪ್ಪಿದ್ದಾರೆ, ಕಾರ್ಕಳಕ್ಕೂ ಬೇಡವೆಂದು ತಿಳಿಸಿದ್ದೇವೆ. ಚಿಕ್ಕವನಿಗೂ ಜೈಲು ಎಂದೇ ಹೇಳಬೇಕೇ?

ಉತ್ತರ: ನಿವೃತ್ತ ಶಿಕ್ಷಕಿ, ಚೆಂಬೂರು

ಹೌದು, ಅದೇ ಮಾತನ್ನು ಇನ್ನೂ ಚಿಕ್ಕದಾಗಿ ಹೇಳಿ. ಇಲ್ಲದಿದ್ದರೆ ತಮ್ಮನ ಮುಂದೆ ಗುಟ್ಟು ಕಾಯುವ ಹೊರೆ ಅಕ್ಕನ ಮೇಲೆ ಬೀಳುತ್ತದೆ. ಅವನು ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾನೆ. ಪ್ರತಿ ಸಲವೂ ಒಂದೇ ಉತ್ತರ ಸಿಗುವಂತೆ ನೀವು, ಅತ್ತಿಗೆ ಮತ್ತು ಅಜ್ಜಿ ಮೊದಲೇ ಮಾತನಾಡಿಕೊಂಡಿರಿ.