ಅಪ್‌ಡೇಟ್: ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿ ಡೇಜಾವೂ ಫೈಲ್ ಕೊನೆಗೂ ಪ್ರಿಂಟ್ ಆಯ್ತು

ಹೋದ ವಾರ ಕೇಳಿದ್ದೆನಲ್ಲ, 1894ರ ಕಿಟ್ಟೆಲ್ ನಿಘಂಟಿನ ಸ್ಕ್ಯಾನ್ ಡೇಜಾವೂ (DjVu, ಸ್ಕ್ಯಾನ್ ಮಾಡಿದ ಪುಟಗಳನ್ನು ಚಿಕ್ಕದಾಗಿ ಇಡುವ ಬಗೆ) ಫೈಲಿನಲ್ಲಿದೆ, ತೆರೆದರೆ ಚೆನ್ನಾಗಿ ಕಾಣುತ್ತೆ, ಪ್ರಿಂಟ್ ಕೊಟ್ಟರೆ ಎರಡು ಪುಟಕ್ಕೇ ಕಂಪ್ಯೂಟರ್ ನಿಂತುಬಿಡುತ್ತೆ ಅಂತ. ಬಗೆಹರಿಯಿತು.

ನಾನು ಸುಮ್ಮನೆ ಪ್ರಿಂಟರನ್ನು ಬೈದಿದ್ದೆ. ತಪ್ಪು ಅದರದ್ದಲ್ಲ. ಈ ಫೈಲಿನಲ್ಲಿ ಅಕ್ಷರ ಒಂದು ಪದರ, ಹಳದಿಯಾದ ಕಾಗದದ ಬಣ್ಣ ಇನ್ನೊಂದು ಪದರ. ಅದಕ್ಕೇ ಅಷ್ಟು ಚಿಕ್ಕದು. ಪ್ರಿಂಟಿಗೆ ಹೋಗುವಾಗ ಎರಡೂ ಸೇರಿ ಪೂರ್ತಿ ಬಣ್ಣದ ಚಿತ್ರವಾಗುತ್ತೆ. 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಒಂದು ಎ4 ಪುಟಕ್ಕೆ ಸುಮಾರು 26 ಎಂಬಿ! ನನ್ನ 512 ಎಂಬಿ ರ‍್ಯಾಮ್ ಪಾಪ ಏನು ಮಾಡೀತು.

ನಿಮ್ಮಲ್ಲೊಬ್ಬರು ಹೇಳಿದಂತೆ ಡೇಜಾವೂ ಲಿಬ್ರೆ ಅನ್ನೋ ಉಚಿತ ತಂತ್ರಾಂಶದ ಹಳೇ ಆವೃತ್ತಿ ಹಾಕಿಕೊಂಡು, ಅಕ್ಷರದ ಕಪ್ಪು ಪದರವನ್ನಷ್ಟೇ ಟಿಫ್ (ಒಂದು ಬಗೆಯ ಚಿತ್ರದ ಫೈಲ್) ಆಗಿ ತೆಗೆದೆ. ಪುಟಕ್ಕೆ ಒಂದು ಎಂಬಿಯೂ ಇಲ್ಲ. ಎಕ್ಸ್‌ಪಿಯಲ್ಲೇ ಇರುವ ಪಿಕ್ಚರ್ ಅಂಡ್ ಫ್ಯಾಕ್ಸ್ ವ್ಯೂವರ್‌ನಿಂದ ಇಪ್ಪತ್ತಿಪ್ಪತ್ತು ಪುಟ ಕೊಟ್ಟೆ, ಸರಾಗವಾಗಿ ಬಂತು. ಹಳದಿ ಕಲೆಯೂ ಮಾಯ, ಟೋನರ್ ಉಳಿತಾಯ ಬೇರೆ.

ಸದ್ಯಕ್ಕೆ 'ಕ' ಅಕ್ಷರದವರೆಗೆ ಆಗಿದೆ. ಕಾಗದ ಮುಗಿದಿದೆ.